ಅವ್ವನಿಗೆ ನೂರಿಪ್ಪತ್ತು ವರ್ಷ! ಕಂಪ್ಯೂಟರಿನ ತಾರೀಖು ತಪ್ಪಿದರೆ ನಷ್ಟ ಯಾರಿಗೆ?

ಕೋಸಗಿ: ಒಂದು ದೃಶ್ಯ ಊಹಿಸಿಕೊಳ್ಳಿ. ಪಿಂಚಣಿ ಪಟ್ಟಿಗೆ ಹೆಸರು ಸೇರಿಸಲು ಅಜ್ಜಿಯೊಬ್ಬಳು ಕಿಟಕಿ ಮುಂದೆ ನಿಂತಿದ್ದಾಳೆ. ಅವಳ ಹಳೆಯ ಆಧಾರ್ ಕಾರ್ಡಿನಲ್ಲಿ ಪೂರ್ತಿ ತಾರೀಖಿಲ್ಲ, ಹುಟ್ಟಿದ ವರ್ಷ 1966 ಎಂದಷ್ಟೇ ಇದೆ. ಒಳಗೆ ಕುಳಿತ ಹುಡುಗ ಅದನ್ನೇ ನೋಡಿ ಎಕ್ಸೆಲ್ ಪಟ್ಟಿಯಲ್ಲಿ 1966 ಎಂದು ಒತ್ತುತ್ತಾನೆ. ಪರದೆಯ ಮೇಲೆ 19-05-1905 ಎಂದು ಮೂಡುತ್ತದೆ. ಪಕ್ಕದ ಕಾಲಂ ತಾನೇ ಲೆಕ್ಕ ಹಾಕಿ ನೂರಿಪ್ಪತ್ತು ವರ್ಷ ಅನ್ನುತ್ತದೆ.

"ಯವ್ವಾ, ನಿಮ್ಮ ವಯಸ್ಸು ನೂರಾ ಇಪ್ಪತ್ತು ತೋರ್ಸ್ತೈತಿ."

"ಏನಪ್ಪಾ ತಮ್ಮಾ, ನಮ್ಮವ್ವ ಬದುಕಿದ್ರೂ ಅಷ್ಟು ಆಗ್ತಿದ್ದಿಲ್ಲ!"

ಕೇಳಿದರೆ ನಗು ಬರುತ್ತದೆ. ಆದರೆ ಇದು ಹುಡುಗನ ಕೈತಪ್ಪೂ ಅಲ್ಲ, ಕಂಪ್ಯೂಟರ್ ಕೆಟ್ಟದ್ದೂ ಅಲ್ಲ. ತಾರೀಖಿನ ಕಾಲಂ ಎಂದು ಗುರುತು ಮಾಡಿದ ಜಾಗದಲ್ಲಿ ಬರೀ ವರ್ಷ ಒತ್ತಿದರೆ ಎಕ್ಸೆಲ್ ಹೀಗೆಯೇ ಮಾಡುತ್ತದೆ. ಇಂದು ಒತ್ತಿ ನೋಡಿ, ನಾಳೆ ಒತ್ತಿ ನೋಡಿ, 1966ಕ್ಕೆ 1905ರ ಮೇ 19ನೇ ಬರುತ್ತದೆ. ನೂರಿಪ್ಪತ್ತು ವರ್ಷದ ಅಜ್ಜಿಯಾದರೆ ಯಾರಾದರೂ ಅನುಮಾನಪಟ್ಟು ಸರಿಮಾಡುತ್ತಾರೆ. ಅನುಮಾನವೇ ಬರದ ತಪ್ಪುಗಳದ್ದು ದೊಡ್ಡ ತೊಂದರೆ. ಆರು ತಿಂಗಳು ಹಿಂದೆ ಮುಂದೆ ಆದ ಹುಟ್ಟಿದ ತಾರೀಖು, ತಾರೀಖಾಗಿ ಬದಲಾದ ಮನೆ ನಂಬರು, ನೂರು ವರ್ಷ ಹಿಂದಕ್ಕೆ ಹೋದ ಸಾಲದ ಗಡುವು. ಇವು ಪಟ್ಟಿಯೊಳಗೆ ಸದ್ದಿಲ್ಲದೆ ಕುಳಿತಿರುತ್ತವೆ.

ಆಂಧ್ರದಲ್ಲಿ ವೃದ್ಧಾಪ್ಯ ಪಿಂಚಣಿಗೆ 60 ತುಂಬಿರಬೇಕು, ನೇಕಾರರಿಗೆ 50 ಸಾಕು. 2024ರ ಜುಲೈನಿಂದ ಎನ್‌ಟಿಆರ್ ಭರೋಸಾ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ. ಸರ್ಕಾರದ ಮೂಲ ತಂತ್ರಾಂಶ ಬೇರೆಯದೇ ಇರುತ್ತದೆ, ನಿಜ. ಆದರೆ ಅದಕ್ಕೆ ಹೋಗುವ ಮುಂಚೆ ಪಟ್ಟಿ ತಯಾರಾಗುವುದು, ಅಲ್ಲಿಂದ ಇಳಿಸಿದ ಮೇಲೆ ಪಟ್ಟಿ ಬೇರ್ಪಡುವುದು ಬಹುತೇಕ ಕಡೆ ಎಕ್ಸೆಲ್ ಹಾಳೆಯ ಮೇಲೇ. ಡ್ವಾಕ್ರಾ ಗುಂಪಿನ ಲೆಕ್ಕ, ಶಾಲೆಯ ಮಕ್ಕಳ ಪಟ್ಟಿ, ಸೊಸೈಟಿಯ ಸಾಲದ ಪಟ್ಟಿ, ಎಲ್ಲವೂ ಅದರಲ್ಲೇ. ಹಾಗಾಗಿ ಈ ಹಾಳೆ ತಾರೀಖನ್ನು ಹೇಗೆ ಓದುತ್ತದೆ ಎಂಬುದು ಕಂಪ್ಯೂಟರ್ ಕಲಿತವರಿಗಷ್ಟೇ ಬಿಟ್ಟ ವಿಷಯವಲ್ಲ.

ಕಂಪ್ಯೂಟರಿಗೆ ತಾರೀಖು ಗೊತ್ತಿಲ್ಲ, ದಿನದ ಎಣಿಕೆ ಮಾತ್ರ ಗೊತ್ತು

ಎಕ್ಸೆಲ್ ಒಳಗೆ ತಾರೀಖು ಅನ್ನುವುದೇ ಇಲ್ಲ. ಇರುವುದು ಒಂದು ಸಂಖ್ಯೆ. 1900ರ ಜನವರಿ 1 ಅಂದರೆ 1. ಮರುದಿನ 2. ಹೀಗೇ ಎಣಿಸುತ್ತಾ ಬರುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದ 1953ರ ಅಕ್ಟೋಬರ್ 1 ನಮಗೆ ಒಂದು ಚರಿತ್ರೆ. ಕೋಸಗಿ ಆಗ ಆದೋನಿ ತಾಲೂಕಿನ ಊರು. ಎಕ್ಸೆಲ್‌ಗೆ ಆ ದಿನ ಬರೀ 19633. ಆಂಧ್ರ ಪ್ರದೇಶವೂ ಕನ್ನಡಿಗರ ಏಕೀಕೃತ ಮೈಸೂರು ರಾಜ್ಯವೂ ಹುಟ್ಟಿದ 1956ರ ನವೆಂಬರ್ 1 ಅದಕ್ಕೆ 20760. ಒಂದರಿಂದ ಇನ್ನೊಂದು ಕಳೆದರೆ 1127 ದಿನ. ಲೆಕ್ಕ ಸಲೀಸು. ಅದಕ್ಕೇ ಹೀಗೆ ಮಾಡಿದ್ದಾರೆ.

ಅಜ್ಜಿಯ 1966 ಏನಾಯಿತು ಎಂಬುದು ಈಗ ತಿಳಿಯುತ್ತದೆ. ಎಕ್ಸೆಲ್ ಅದನ್ನು ವರ್ಷ ಎಂದು ಓದಲಿಲ್ಲ. 1900ರಿಂದ ಎಣಿಸಿದರೆ ಬರುವ 1966ನೇ ದಿನ ಎಂದು ಓದಿತು. ಅದು ಬೀಳುವುದು 1905ರ ಮೇ 19ಕ್ಕೆ.

ನಮ್ಮ ಕಡೆಯ ಇನ್ನೊಂದು ಲೆಕ್ಕಕ್ಕೂ ಇದೇ ಗತಿ. ಅಡಂಗಲ್ ನೋಡಿದವರಿಗೆ ಫಸಲಿ ವರ್ಷ ಗೊತ್ತು. ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುವ ರೆವಿನ್ಯೂ ವರ್ಷ ಅದು. ಫಸಲಿಗೆ 590 ಕೂಡಿಸಿದರೆ ಅದು ಶುರುವಾಗುವ ಇಂಗ್ಲಿಷ್ ವರ್ಷ ಸಿಗುತ್ತದೆ. ಆದೋನಿ ಆಂಧ್ರಕ್ಕೆ ಸೇರಿದ 1953-54 ಅಂದರೆ ಫಸಲಿ 1363. ಅದನ್ನು ತಾರೀಖಿನ ಕಾಲಂನಲ್ಲಿ ಒತ್ತಿದರೆ 1903ರ ಸೆಪ್ಟೆಂಬರ್ 24 ಎಂದು ತೋರಿಸುತ್ತದೆ. ಐವತ್ತು ವರ್ಷ ವ್ಯತ್ಯಾಸ! ಹೊಲದ ತಕರಾರಿನಲ್ಲಿ ಯಾರು ಯಾವಾಗಿನಿಂದ ಸಾಗು ಮಾಡುತ್ತಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ. ಅಂಥ ಕಡೆ ಇದು ನಗುವ ಮಾತಲ್ಲ.

ಖಾಲಿ ಬಿಟ್ಟರೂ ತೊಂದರೆ ತಪ್ಪಿದ್ದಲ್ಲ. ಹುಟ್ಟಿದ ತಾರೀಖಿನ ಚೌಕ ಖಾಲಿ ಇದ್ದರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಹಿಡಿದು, 1900ರಿಂದಲೇ ವಯಸ್ಸು ಎಣಿಸಿಬಿಡುತ್ತದೆ. ಪಟ್ಟಿಗಳಲ್ಲಿ ಒಮ್ಮೊಮ್ಮೆ ಕಾಣುವ ನೂರಿಪ್ಪತ್ತೈದು ದಾಟಿದ 'ಮುದುಕರು' ಹೀಗೂ ಹುಟ್ಟುತ್ತಾರೆ. ತಾರೀಖು ಗೊತ್ತಿಲ್ಲ ಎಂಬುದೇ ಅಲ್ಲಿ ನೂರಿಪ್ಪತ್ತೈದು ವರ್ಷವಾಗಿಬಿಡುತ್ತದೆ.

ಇಲ್ಲದ ಫೆಬ್ರವರಿ 29

ಅಂದಹಾಗೆ, ಈ ಎಣಿಕೆಯ ಬುಡದಲ್ಲೇ ಒಂದು ತಪ್ಪಿದೆ. 1900ರಲ್ಲಿ ಫೆಬ್ರವರಿ 29 ಇರಲಿಲ್ಲ. ನಾಲ್ಕರಿಂದ ಭಾಗವಾಗುವ ವರ್ಷ ಅಧಿಕ ವರ್ಷ, ಆದರೆ ನೂರರಿಂದ ಭಾಗವಾಗುವ ವರ್ಷವಾದರೆ ನಾನೂರರಿಂದಲೂ ಭಾಗವಾಗಬೇಕು. 2000 ಆಯಿತು, 1900 ಆಗಲಿಲ್ಲ. ಆದರೂ ಎಕ್ಸೆಲ್‌ನಲ್ಲಿ 60 ಎಂದು ಒತ್ತಿ ತಾರೀಖಾಗಿ ನೋಡಿದರೆ 29 ಫೆಬ್ರವರಿ 1900 ಕಾಣುತ್ತದೆ. ಪಂಚಾಂಗದವರು ಅಧಿಕ ಮಾಸ ಸೇರಿಸುವುದನ್ನು ನಾವು ಕಂಡಿದ್ದೇವೆ. 2023ರಲ್ಲಿ ಅಧಿಕ ಶ್ರಾವಣ, 2026ರಲ್ಲಿ ಅಧಿಕ ಜ್ಯೇಷ್ಠ. ಅದಕ್ಕೆ ಸೂರ್ಯ ಚಂದ್ರರ ಲೆಕ್ಕವಿದೆ. ಈ ಅಧಿಕ ದಿನಕ್ಕೆ ಯಾವ ಲೆಕ್ಕವೂ ಇಲ್ಲ.

ಇದರ ಕಥೆ ಹೀಗಿದೆ. 1983ರಲ್ಲಿ ಲೋಟಸ್ 1-2-3 ಎಂಬ ತಂತ್ರಾಂಶ ಬಂತು. ಆ ಕಾಲದಲ್ಲಿ ಲೆಕ್ಕದ ಹಾಳೆ ಎಂದರೆ ಅದೇ. ಅದು 1900ನ್ನು ಅಧಿಕ ವರ್ಷ ಎಂದು ಹಿಡಿದಿತ್ತು. ಆಮೇಲೆ ಬಂದ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಲೋಟಸ್ ಬಳಸುತ್ತಿದ್ದವರೇ ಗಿರಾಕಿಗಳು. ಅವರ ಹಳೆಯ ಫೈಲುಗಳ ಲೆಕ್ಕ ಒಂದು ದಿನವೂ ಹೆಚ್ಚುಕಡಿಮೆ ಆಗಬಾರದು. ಅದಕ್ಕಾಗಿ ತಪ್ಪು ಎಂದು ಗೊತ್ತಿದ್ದೂ ಅದನ್ನೇ ನಕಲು ಮಾಡಿದರು. ಈಗ ಸರಿಮಾಡಿದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಫೈಲುಗಳಲ್ಲಿ ಪ್ರತಿ ತಾರೀಖೂ ಒಂದು ದಿನ ಜರುಗುತ್ತದೆ, ಆದ್ದರಿಂದ ಹಾಗೇ ಬಿಟ್ಟಿದ್ದೇವೆ ಎಂಬುದು ಮೈಕ್ರೋಸಾಫ್ಟ್ ಕೊಡುವ ಕಾರಣ. 2007-08ರಲ್ಲಿ ಈ ಕಡತದ ಮಾದರಿಯನ್ನು ಅಂತಾರಾಷ್ಟ್ರೀಯ ಮಾನಕ ಮಾಡುವ ಪ್ರಸ್ತಾಪ ಬಂದಾಗ, ಈ ಇಲ್ಲದ ಫೆಬ್ರವರಿ 29ರ ಬಗ್ಗೆಯೂ ಆಕ್ಷೇಪ ಎದ್ದಿತ್ತು. ಆ ಮತದಾನದಲ್ಲಿ ಭಾರತ ಪ್ರಸ್ತಾಪದ ವಿರುದ್ಧ ನಿಂತಿತ್ತು. ಆದರೂ 2008ರಲ್ಲಿ ಅದು ಮಾನಕವಾಯಿತು.

ಈ ಒಂದು ದಿನದಿಂದ ನಮ್ಮ ಅಜ್ಜಿಗೆ ನಷ್ಟವಿಲ್ಲ. 1900ರ ಮಾರ್ಚ್ 1ರಿಂದ ಈಚೆಗೆ ಎಲ್ಲ ಸರಿಯಾಗಿದೆ. ಆದರೂ ಇದನ್ನು ಹೇಳಲು ಕಾರಣವಿದೆ. ತಪ್ಪು ಒಮ್ಮೆ ಎಲ್ಲರ ಕಡತದಲ್ಲೂ ಕುಳಿತರೆ, ತಪ್ಪೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ತೆಗೆಯುವುದಿಲ್ಲ. ದೊಡ್ಡ ಕಂಪನಿಗೇ ಹೀಗಾದರೆ, ಊರಿನ ಪಟ್ಟಿಯಲ್ಲಿ ಕುಳಿತ ತಪ್ಪು ತೆಗೆಸುವುದು ಎಷ್ಟು ಕಷ್ಟ, ನೀವೇ ಹೇಳಿ.

ಮೇಷ್ಟ್ರು ಕೊಟ್ಟ ತಾರೀಖೇ ತಲೆಕೆಳಗು

ಈಗ ನಿಜವಾದ ಅಪಾಯಕ್ಕೆ ಬರೋಣ. ನಾವು ದಿನ ಮೊದಲು ಬರೆಯುತ್ತೇವೆ, ಆಮೇಲೆ ತಿಂಗಳು. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ವಿಂಡೋಸ್ ಹಾಕುವಾಗ ಪ್ರದೇಶ ಭಾರತ ಎಂದು ಆರಿಸದೆ ಅಮೆರಿಕದ ಇಂಗ್ಲಿಷನ್ನೇ ಬಿಟ್ಟರೆ ಎಕ್ಸೆಲ್ ಅವರ ಪದ್ಧತಿಯಲ್ಲೇ ಓದುತ್ತದೆ. 25/06/1966 ಎಂದು ಒತ್ತಿದರೆ 25ನೇ ತಿಂಗಳು ಇಲ್ಲದ್ದರಿಂದ ಅದು ತಾರೀಖೇ ಆಗುವುದಿಲ್ಲ, ಅಕ್ಷರವಾಗಿ ಉಳಿಯುತ್ತದೆ. ವಯಸ್ಸಿನ ಲೆಕ್ಕ ನಿಲ್ಲುತ್ತದೆ, ಯಾರಾದರೂ ಗಮನಿಸುತ್ತಾರೆ. ಆದರೆ 01/06/1966 ಎಂದು ಒತ್ತಿದರೆ ಜೂನ್ 1 ಹೋಗಿ ಜನವರಿ 6 ಆಗುತ್ತದೆ. ಗಂಟೆ ಬಾರಿಸುವುದಿಲ್ಲ, ಕೆಂಪು ಗೆರೆ ಬೀಳುವುದಿಲ್ಲ.

ವರ್ಷದ 365 ದಿನಗಳಲ್ಲಿ 221 ದಿನ ಹೀಗೆ ಅಕ್ಷರವಾಗಿ ಉಳಿದು ಸಿಕ್ಕಿಬೀಳುತ್ತವೆ. 01/01, 02/02ರಂಥ 12 ದಿನಗಳಿಗೆ ಏನೂ ಆಗುವುದಿಲ್ಲ. ಉಳಿದ 132 ದಿನಗಳು ಸದ್ದಿಲ್ಲದೆ ತಲೆಕೆಳಗಾಗುತ್ತವೆ.

ಈ 132ರಲ್ಲಿ ಯಾರ ತಾರೀಖು ಬೀಳುತ್ತದೆ ಎಂದು ಯೋಚಿಸಿದ್ದೀರಾ? ನಮ್ಮ ಹಿರಿಯರ ಹುಟ್ಟಿದ ತಾರೀಖು ಮನೆಯಲ್ಲಿ ಬರೆದಿಟ್ಟಿದ್ದಲ್ಲ. "ಉರುಕುಂದ ಈರಣ್ಣನ ಶ್ರಾವಣದಾಗ ಹುಟ್ಟಿದಾಕಿ", "ಬರ ಬಿದ್ದ ವರ್ಷ ತೊಟ್ಟಿಲಾಗಿದ್ದ" ಎಂದು ಅಂದಾಜು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಮಗುವಿನ ಮುಖ ನೋಡಿ ವರ್ಷ ಕಟ್ಟಿ, ಶಾಲೆ ತೆರೆಯುವ ತಿಂಗಳನ್ನೇ ಹಿಡಿದು ಜೂನ್ 1 ಅಥವಾ ಜುಲೈ 1 ಎಂದು ಬರೆದುಬಿಡುತ್ತಿದ್ದರು. ತರಗತಿಯಲ್ಲಿ ಅರ್ಧ ಮಕ್ಕಳಿಗೆ ಒಂದೇ ಹುಟ್ಟುಹಬ್ಬ. 01/06, 01/07 ಎರಡೂ ತಲೆಕೆಳಗಾಗುವ ಗುಂಪಿನವೇ. ಆಸ್ಪತ್ರೆಯಲ್ಲಿ ಹುಟ್ಟಿ 23 ಅಥವಾ 28ನೇ ತಾರೀಖು ಪಡೆದವರ ತಪ್ಪು ಎದ್ದು ಕಾಣುತ್ತದೆ. ಮೇಷ್ಟ್ರ ಕೈಯಿಂದ ಹುಟ್ಟಿದ ತಾರೀಖು ಪಡೆದ ಬಡವರ ಮಕ್ಕಳ ತಪ್ಪು ಕಾಣದೆ ಉಳಿಯುತ್ತದೆ.

ಫಲ ಎರಡು ಬಗೆ. 01/06/1966ರವರು ಜನವರಿ 6ರವರಾದರೆ ಐದು ತಿಂಗಳು ಮೊದಲೇ ಅರುವತ್ತು ತುಂಬಿದಂತೆ ಕಾಣುತ್ತದೆ. ಆಮೇಲೆ ಆಧಾರ್‌ಗೆ ಹೋಲಿಸಿ ನೋಡಿದಾಗ ತಾಳೆಯಾಗದೆ ಅರ್ಜಿ ಹಿಂದಕ್ಕೆ ಬರಬಹುದು, ಇಲ್ಲವೇ ಸುಳ್ಳು ಹೇಳಿದ ಅಪವಾದ ಬರಬಹುದು. 09/02/1966 ಎಂದಿದ್ದವರಿಗೆ ಇದರ ಉಲ್ಟಾ. ಫೆಬ್ರವರಿ 9ರವರು ಸೆಪ್ಟೆಂಬರ್ 2ರವರಾಗುತ್ತಾರೆ. 2026ರ ಫೆಬ್ರವರಿಗೆ ತುಂಬಬೇಕಾದ ಅರುವತ್ತು ಸೆಪ್ಟೆಂಬರಿಗೆ ಹೋಗುತ್ತದೆ. ಹೊಸ ಪಿಂಚಣಿ ಯಾವಾಗ ಮಂಜೂರಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಆದರೆ ಅರ್ಹತೆಯ ಲೆಕ್ಕದಲ್ಲೇ ಏಳು ತಿಂಗಳು, ಅಂದರೆ 28,000 ರೂಪಾಯಿ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇತ್ತು. ಈಗ ಪೂಜಾರಿ ಕೊಟ್ಟರೂ ಪಟ್ಟಿ ಕೊಡುವುದಿಲ್ಲ.

ಆಧಾರ್ ಬಂದ ಮೇಲೆ ಇನ್ನೊಂದು ಹುಟ್ಟುಹಬ್ಬ ಸೇರಿತು. ವಯಸ್ಸು ಮಾತ್ರ ಹೇಳಿದವರಿಗೆ ಜನವರಿ 1 ಎಂದು ದಾಖಲಾಯಿತು. ಇದು ತಿರುಗಿಸಿದರೂ ಜನವರಿ 1ನೇ. ಆದರೆ ಟಿಸಿಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1, ಎಕ್ಸೆಲ್ ಪಟ್ಟಿಯಲ್ಲಿ ಜನವರಿ 6. ಒಬ್ಬಳೇ ಅಜ್ಜಿ, ಮೂರು ಹುಟ್ಟು.

2030 ಬರುತ್ತಿದೆ

ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುವ ಚಾಳಿ ನಮಗೆಲ್ಲ ಇದೆ. 2000ನೇ ಇಸವಿ ಬರುವಾಗ ಇದೇ ಕಾರಣಕ್ಕೆ ಜಗತ್ತೆಲ್ಲ ಗಾಬರಿಯಾಗಿತ್ತು, ಅದನ್ನು ಸರಿಮಾಡುವ ಕೆಲಸದಿಂದ ಭಾರತದ ಸಾಫ್ಟ್‌ವೇರ್ ಕಂಪನಿಗಳು ಬೆಳೆದವು. ಆಗ ಒಂದು ನಿಯಮ ನಿಂತಿತು. ಎಕ್ಸೆಲ್‌ನಲ್ಲಿ 00ರಿಂದ 29ರವರೆಗೆ ಒತ್ತಿದರೆ 2000ದಿಂದ 2029. 30ರಿಂದ 99 ಒತ್ತಿದರೆ 1930ರಿಂದ 1999. ಈ ಗಡಿಯನ್ನು ವಿಂಡೋಸ್‌ನಲ್ಲಿ ಬದಲಾಯಿಸಬಹುದು, ಹಾಗಾಗಿ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವುದಿಲ್ಲ. ಅದೂ ಒಂದು ತೊಡಕೇ. ಒಂದೇ ಅಂಕಿ ಎರಡು ಮೇಜಿನ ಮೇಲೆ ಎರಡು ಶತಮಾನವಾಗಬಹುದು.

1929ರಲ್ಲಿ ಹುಟ್ಟಿದ ಮುತ್ತಜ್ಜನ ವರ್ಷವನ್ನು 29 ಎಂದು ಒತ್ತಿದರೆ ಅವನು ಹುಟ್ಟುವುದು 2029ಕ್ಕೆ. ಅಷ್ಟು ವಯಸ್ಸಾದವರು ಈಗ ಬೆರಳೆಣಿಕೆ. ಆದರೆ ಮುಂದಿನ ತಾರೀಖುಗಳು ಈಗಾಗಲೇ ನಮ್ಮ ಪಟ್ಟಿಯಲ್ಲಿ ಬರತೊಡಗಿವೆ. 2026ರಲ್ಲಿ ಐದು ವರ್ಷಕ್ಕೆ ತೆಗೆದ ಟ್ರ್ಯಾಕ್ಟರ್ ಸಾಲ ತೀರುವುದು 2031ಕ್ಕೆ. ಪೋಸ್ಟಾಫೀಸಿನ ಐದು ವರ್ಷದ ಠೇವಣಿಯೂ ಅಷ್ಟೇ. 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆಗೆ 21 ವರ್ಷ, ಅಂದರೆ ಮೊದಲ ವರ್ಷ ಖಾತೆ ತೆರೆದ ಮಗಳಿಗೆ ಹಣ ಬರುವುದು 2036ಕ್ಕೆ. ಬ್ಯಾಂಕು, ಪೋಸ್ಟಾಫೀಸಿನ ಮೂಲ ದಾಖಲೆಯಲ್ಲಿ ವರ್ಷ ಪೂರ್ತಿ ಇರುತ್ತದೆ. ಆದರೆ ಗುಂಪಿನವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಹಾಳೆಯಲ್ಲಿ 15/06/31 ಎಂದು ಒತ್ತಿದರೆ ಅದು 1931 ಆಗಿ, ಸಾಲ ಇಂದೇ ಸುಸ್ತಿ ಎಂದು ತೋರಿಸಬಹುದು. ಪಟ್ಟಿಯಲ್ಲಿ ಸುಸ್ತಿದಾರಳೆಂದು ಹೆಸರು ಬಂದರೆ ಆ ಹೆಣ್ಣುಮಗಳ ಮರ್ಯಾದೆ ಏನಾಗಬೇಕು?

ಮನೆ ನಂಬರೂ ತಾರೀಖೇ!

ತಾರೀಖನ್ನು ತಪ್ಪಾಗಿ ಓದುವುದು ಒಂದು ತೊಂದರೆ. ತಾರೀಖಲ್ಲದ್ದನ್ನು ತಾರೀಖು ಮಾಡುವುದು ಇನ್ನೊಂದು. ನಮ್ಮೂರ ಮನೆ ನಂಬರು ನೋಡಿ, 2-45, 5-12 ಎಂದು ಗೋಡೆಯ ಮೇಲೆ ಬರೆದಿರುತ್ತದೆ. 5-12 ಒತ್ತಿದರೆ ಡಿಸೆಂಬರ್ 5 ಆಗುತ್ತದೆ. 2-45 ಒತ್ತಿದರೆ 1945ರ ಫೆಬ್ರವರಿ ಆಗುತ್ತದೆ. ತಪ್ಪು ಗೊತ್ತಾಗಿ ಕಾಲಂ ಅನ್ನು ಅಕ್ಷರಕ್ಕೆ ಬದಲಾಯಿಸಿದರೆ 2-45 ವಾಪಸು ಬರುವುದಿಲ್ಲ, 16469 ಎಂಬ ಸಂಖ್ಯೆ ಬರುತ್ತದೆ. ಮೂಲ ಕಾಗದ ಕೈಯಲ್ಲಿ ಇಲ್ಲದಿದ್ದರೆ ಆ ಮನೆ ಯಾವುದು ಎಂದು ಹುಡುಕುವುದೇ ಕಷ್ಟ.

ಹೊಲದ ಸರ್ವೆ ನಂಬರಿಗೂ ಇದೇ ಭಯ. 10ನೇ ಸರ್ವೆ ನಂಬರಿನ 2ನೇ ಭಾಗವನ್ನು ಆಂಧ್ರದ ಕಾಗದದಲ್ಲಿ 10-2 ಎಂದೋ ಕರ್ನಾಟಕದ ಪಹಣಿಯಲ್ಲಿ 10/2 ಎಂದೋ ಬರೆದಿರುತ್ತಾರೆ. ಎಕ್ಸೆಲ್‌ಗೆ ಎರಡೂ ಫೆಬ್ರವರಿ 10. ಅಣ್ಣನ ಭಾಗ 10-2, ತಮ್ಮನ ಭಾಗ 10-3 ಇದ್ದರೆ ಒಂದು ಹೊಲ ಫೆಬ್ರವರಿಗೆ, ಇನ್ನೊಂದು ಮಾರ್ಚಿಗೆ.

ಇದು ಹಳ್ಳಿಯವರಿಗೆ ಮಾತ್ರ ಬಂದ ಕಷ್ಟ ಅಂದುಕೊಳ್ಳಬೇಡಿ. ವಂಶವಾಹಿಗಳ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿಗಳಿಗೂ ಇದೇ ಆಯಿತು. ಮಾರ್ಚ್1, ಸೆಪ್ಟ್2 ಎಂಬಂಥ ಹೆಸರಿನ ವಂಶವಾಹಿಗಳನ್ನು ಎಕ್ಸೆಲ್ ತಾರೀಖು ಮಾಡುತ್ತಿತ್ತು. ಎಕ್ಸೆಲ್ ಪಟ್ಟಿ ಜೊತೆಗಿಟ್ಟು ಪ್ರಕಟಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಇಂಥ ತಪ್ಪು ಅಂಟಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರಲ್ಲಿ ವಿಜ್ಞಾನಿಗಳು ಆ ವಂಶವಾಹಿಗಳ ಹೆಸರನ್ನೇ ಬದಲಾಯಿಸಿದರು. 2023ರಲ್ಲಿ ಮೈಕ್ರೋಸಾಫ್ಟ್ ಈ ತಾನೇತಾನಾಗಿ ಬದಲಾಯಿಸುವ ಚಾಳಿಯನ್ನು ನಿಲ್ಲಿಸುವ ಸೌಲಭ್ಯ ಕೊಟ್ಟಿತು. ಹಳೆಯ ಎಕ್ಸೆಲ್ ಇರುವ ಕಂಪ್ಯೂಟರಿನಲ್ಲಿ ಅದು ಸಿಗುವುದಿಲ್ಲ. ವಿಜ್ಞಾನಿಗಳು ಹೆಸರು ಬದಲಾಯಿಸಿಕೊಂಡರು. ನಾವು ಮನೆ ನಂಬರು ಬದಲಾಯಿಸಿಕೊಳ್ಳಲು ಆಗುತ್ತದೆಯೇ?

ಸರಿಯಾದ ತಾರೀಖು, ತಪ್ಪು ವಯಸ್ಸು

ತಾರೀಖು ಸರಿಯಾಗಿ ಹತ್ತಿದರೂ ವಯಸ್ಸು ತೆಗೆಯುವ ಸೂತ್ರ ತಪ್ಪಬಹುದು. ಮೂರು ಬಗೆ ಬಳಕೆಯಲ್ಲಿವೆ.

ಒಂದು, ಈ ವರ್ಷದಿಂದ ಹುಟ್ಟಿದ ವರ್ಷ ಕಳೆಯುವುದು. 1966ರ ಡಿಸೆಂಬರ್ 31ಕ್ಕೆ ಹುಟ್ಟಿದವರಿಗೆ 2026ರ ಜನವರಿ 1ಕ್ಕೇ ಅರುವತ್ತು ಎಂದು ತೋರಿಸುತ್ತದೆ. ನಿಜವಾಗಿ ಐವತ್ತೊಂಬತ್ತು ತುಂಬಿ ಒಂದೇ ದಿನ ಆಗಿರುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ತಪ್ಪು.

ಎರಡು, ಒಟ್ಟು ದಿನಗಳನ್ನು 365ರಿಂದ ಭಾಗಿಸುವುದು. ಅರುವತ್ತು ವರ್ಷದಲ್ಲಿ ಹದಿನೈದು ಫೆಬ್ರವರಿ 29 ಬರುತ್ತವೆ, ಆದ್ದರಿಂದ ಹದಿನೈದು ದಿನ ಮೊದಲೇ ಅರುವತ್ತು ತುಂಬುತ್ತದೆ. ಪಿಂಚಣಿಗೆ ಇದು ಲಾಭದಂತೆ ಕಾಣಬಹುದು. ಆದರೆ ವಯಸ್ಸು ಮೀರಬಾರದು ಎಂಬ ಕಡೆ ಇದೇ ಸೂತ್ರ ಕುತ್ತಿಗೆಗೆ ಬರುತ್ತದೆ. ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಗೆ ಸೇರಲು 18ರಿಂದ 50, ಅಟಲ್ ಪಿಂಚಣಿಗೆ ಸೇರಲು 18ರಿಂದ 40. ಕೊನೆಯ ವಾರದಲ್ಲಿ ಅರ್ಜಿ ಹಾಕಿದವರನ್ನು ಈ ಸೂತ್ರ ಹೊರಗೆ ಹಾಕಬಹುದು.

ಮೂರು, ಪೂರ್ತಿಯಾದ ವರ್ಷಗಳನ್ನೇ ಎಣಿಸುವ ಡೇಟೆಡಿಫ್ ಸೂತ್ರ. ಇದು ಸರಿ. ಆದರೆ 'ಇಂದು' ಎಂದು ಕೊಟ್ಟರೆ ಹಾಳೆ ತೆರೆದ ಪ್ರತಿದಿನ ವಯಸ್ಸು ಬದಲಾಗುತ್ತದೆ. ಯೋಜನೆಗೆ ಯಾವ ತಾರೀಖಿಗೆ ಎಷ್ಟು ವಯಸ್ಸು ಇರಬೇಕೋ ಆ ತಾರೀಖನ್ನೇ ಕೊಡಬೇಕು.

ಗಡಿಯವರಿಗೆ ಎರಡು ಪಟ್ಟು ತೊಂದರೆ ಯಾಕೆ?

ಕೋಸಗಿ, ಕೌತಾಳ, ಹೊಳಗುಂದ ಕಡೆಯ ಮನೆಗಳಲ್ಲಿ ರಾಯಚೂರು, ಸಿರುಗುಪ್ಪ ಕಡೆಯಿಂದ ಸೊಸೆಯಾಗಿ ಬಂದವರಿದ್ದಾರೆ. ಅವರ ಟಿಸಿ ಕರ್ನಾಟಕದ್ದು, ಕನ್ನಡದ್ದು. ರೇಷನ್ ಕಾರ್ಡು, ಪಟ್ಟಾದಾರ್ ಪುಸ್ತಕ ಆಂಧ್ರದ್ದು, ತೆಲುಗಿನದು. ಕನ್ನಡ ಅಂಕಿಯಲ್ಲಿ ಬರೆದ ಹಳೆಯ ದಾಖಲೆಯಲ್ಲಿ ೬ ಮತ್ತು ೯ ಮಸುಕಾದರೆ ನಮಗೇ ಗುರುತು ಸಿಗುವುದಿಲ್ಲ, ತೆಲುಗು ಮಾತ್ರ ಓದಿದವರಿಗೆ ಎಲ್ಲಿಂದ ಸಿಗಬೇಕು? ಕಾಗದದಿಂದ ಕಾಗದಕ್ಕೆ, ಭಾಷೆಯಿಂದ ಭಾಷೆಗೆ ಬರೆದುಕೊಳ್ಳುವಾಗ ಒಂದು ಊಹೆ. ಅದನ್ನು ಎಕ್ಸೆಲ್ ಓದುವಾಗ ಇನ್ನೊಂದು ಊಹೆ. ಎರಡೂ ಊಹೆ ಸೇರಿ 'ದಾಖಲೆ' ಆಗುತ್ತದೆ. ಜೊತೆಗೆ, ಸುಗ್ಗಿ ದಿನಗಳಲ್ಲಿ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರು ಕಡೆಗೋ, ಕೆಲಸ ಹುಡುಕಿ ಬೆಂಗಳೂರಿಗೋ ಊರಿಗೆ ಊರೇ ವಲಸೆ ಹೋಗುವ ಸೀಮೆ ಇದು. ಪಟ್ಟಿ ಪರಿಶೀಲನೆಗೆ ಬಂದ ದಿನ ಮನೆಗೆ ಬೀಗ. ತಪ್ಪು ಹಾಗೇ ಉಳಿಯುತ್ತದೆ.

ಯಾವ ಕಾಗದ ದೊಡ್ಡದು ಎಂಬ ಪ್ರಶ್ನೆಗೆ ಈಚೆಗೆ ಒಂದಿಷ್ಟು ಉತ್ತರ ಸಿಕ್ಕಿದೆ. 2024ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್, ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ವಯಸ್ಸು ತೀರ್ಮಾನಿಸಲು ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವೇ ಆಧಾರ ಎಂದು ಒಪ್ಪಿತು. ಅದೇ ವರ್ಷ ಜನವರಿಯಲ್ಲಿ ಭವಿಷ್ಯ ನಿಧಿ ಸಂಸ್ಥೆಯೂ ಹುಟ್ಟಿದ ತಾರೀಖಿನ ಪುರಾವೆಗಳ ಪಟ್ಟಿಯಿಂದ ಆಧಾರ್ ತೆಗೆದಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಯಾದ ಜನನ ಮರಣ ನೋಂದಣಿ ತಿದ್ದುಪಡಿ ಕಾಯ್ದೆಯ ಪ್ರಕಾರ, ಆ ದಿನ ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಲೈಸೆನ್ಸಿಗೆ ಜನನ ಪ್ರಮಾಣಪತ್ರವೇ ತಾರೀಖಿನ ಪುರಾವೆ. ಅಂದರೆ ಅಜ್ಜಿಗೆ ಟಿಸಿ ಮುಖ್ಯ, ಮೊಮ್ಮಗುವಿಗೆ ಜನನ ಪತ್ರ ಮುಖ್ಯ. ವಲಸೆ ಹೋದ ಊರಿನಲ್ಲಿ ಹೆರಿಗೆಯಾದರೆ ಅಲ್ಲಿಯೇ ನೋಂದಣಿ ಮಾಡಿಸಿ ಪತ್ರ ಹಿಡಿದು ಬರಬೇಕು. ಆ ಮಗುವಿಗೆ ಜೂನ್ 1 ಎಂದು ಬರೆದುಕೊಡುವ ಮೇಷ್ಟ್ರು ಇನ್ನು ಮುಂದೆ ಇರುವುದಿಲ್ಲ.

ನೀವು ಮಾಡಬಹುದಾದದ್ದು

ಪಟ್ಟಿ ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ನಮ್ಮ ವಿನಂತಿ ಇಷ್ಟು. ಕಂಪ್ಯೂಟರಿನ ಪ್ರದೇಶ ಭಾರತ ಎಂದು ಇದೆಯೇ, ಮೊದಲು ನೋಡಿ. ವರ್ಷ ಯಾವಾಗಲೂ ನಾಲ್ಕು ಅಂಕಿ. ತಿಂಗಳನ್ನು ಅಂಕಿಯಲ್ಲಿ ಬಿಟ್ಟು ಅಕ್ಷರದಲ್ಲಿ ತೋರಿಸುವಂತೆ ಇಡಿ, 01-ಜೂನ್-1966 ಎಂದು ಕಂಡರೆ ತಲೆಕೆಳಗಾದದ್ದು ತಕ್ಷಣ ಗೊತ್ತಾಗುತ್ತದೆ. ನಿಜವಾದ ತಾರೀಖು ಚೌಕದ ಬಲಕ್ಕೆ ನಿಲ್ಲುತ್ತದೆ, ಅಕ್ಷರವಾದದ್ದು ಎಡಕ್ಕೆ ನಿಲ್ಲುತ್ತದೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವವನ್ನೇ ಹೆಚ್ಚು ಅನುಮಾನಿಸಿ, ತಲೆಕೆಳಗಾದವು ಅಲ್ಲೇ ಇರುತ್ತವೆ. ಮನೆ ನಂಬರು, ಸರ್ವೆ ನಂಬರು, ಫಸಲಿ, ಇವುಗಳ ಕಾಲಂ ಅನ್ನು ಒತ್ತುವ ಮುಂಚೆಯೇ ಅಕ್ಷರದ ಕಾಲಂ ಎಂದು ಗುರುತು ಮಾಡಿ. ಒಂದೆರಡೇ ಇದ್ದರೆ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಸಾಕು. ಬರೀ ವರ್ಷ ಗೊತ್ತಿದ್ದರೆ ಅದಕ್ಕೆ ಬೇರೆ ಕಾಲಂ ಇಡಿ. ವೆಬ್‌ಸೈಟಿನಿಂದ ಇಳಿಸಿದ ಸಿಎಸ್‌ವಿ ಫೈಲನ್ನು ನೇರ ತೆರೆದು ಹಾಗೇ ಉಳಿಸಬೇಡಿ, ತೆರೆಯುವಾಗಲೇ ತಾರೀಖುಗಳು ಬದಲಾಗಿರಬಹುದು.

ಕಿಟಕಿಯ ಈಚೆ ನಿಂತವರಿಗೂ ಕೆಲಸವಿದೆ. ಟಿಸಿ, ಆಧಾರ್, ರೇಷನ್ ಕಾರ್ಡು ಮೂರನ್ನೂ ಪಕ್ಕ ಇಟ್ಟು ತಾರೀಖು ಒಂದೇ ಇದೆಯೇ ನೋಡಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಲು ಬರುತ್ತದೆ, ಆದ್ದರಿಂದ ಟಿಸಿ ಅಥವಾ ಜನನ ಪತ್ರ ಕೈಯಲ್ಲಿ ಇಟ್ಟುಕೊಂಡೇ ತಿದ್ದಿಸಿ. ಅರ್ಜಿಯಲ್ಲಿ ನೀವೇ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 'ಜೂನ್ 1, 1966' ಎಂದು. ಅದನ್ನು ಯಾರೂ ಜನವರಿ 6 ಎಂದು ಓದಲು ಆಗುವುದಿಲ್ಲ. ಪಟ್ಟಿಗೆ ಹತ್ತಿದ ಮೇಲೆ ಒಂದು ಪ್ರಿಂಟ್ ಕೇಳಿ. ಓದು ಬಾರದಿದ್ದರೆ ಮನೆಯ ಓದುವ ಮಕ್ಕಳಿಂದ ಓದಿಸಿ. ವಯಸ್ಸಿನ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ, 'ಯಾವ ತಾರೀಖು ಹಿಡಿದು ಲೆಕ್ಕ ಹಾಕಿದ್ದೀರಿ?' ಎಂದು ಒಂದೇ ಪ್ರಶ್ನೆ ಕೇಳಿ. ಅರ್ಧ ಜಗಳ ಅಲ್ಲೇ ತೀರುತ್ತದೆ.

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ. ಅದು ಕಾಗದದ ಬದಲು ಮೊಬೈಲಿನಲ್ಲಿ ನಡೆಯುವ ಗಣತಿ. ಮನೆಗೆ ಬಂದವರು ವಯಸ್ಸು ಕೇಳುತ್ತಾರೆ. ನಾವು ಎಂದಿನಂತೆ ಐವತ್ತು, ಅರುವತ್ತು ಎಂದು ಸುತ್ತು ಹಾಕಿ ಹೇಳುತ್ತೇವೆ. ಹಿಂದಿನ ಗಣತಿಗಳಲ್ಲೂ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸಿನವರೇ ಲೆಕ್ಕಕ್ಕಿಂತ ಹೆಚ್ಚು ಕಂಡಿದ್ದಾರೆ. ಆ ದಿನ ಬರುವ ಮುಂಚೆ ಮನೆಮಂದಿಯ ತಾರೀಖುಗಳನ್ನು ಒಂದು ಹಾಳೆಯಲ್ಲಿ, ತಿಂಗಳ ಹೆಸರು ಅಕ್ಷರದಲ್ಲಿ, ವರ್ಷ ನಾಲ್ಕು ಅಂಕಿಯಲ್ಲಿ ಬರೆದು ಟ್ರಂಕಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಅಜ್ಜಿಯರಿಗೆ ಹುಟ್ಟಿದ ತಾರೀಖು ಮೊದಲೇ ಒಂದು ಸಲ ಕಳೆದುಹೋಗಿತ್ತು, ಮೇಷ್ಟ್ರು ಒಂದು ಅಂದಾಜು ತಾರೀಖು ಕೊಟ್ಟರು. ಅವಳ ಪಾಲಿಗೆ ಈಗ ಇರುವುದು ಅದೊಂದೇ. ಅದನ್ನು ಎರಡನೇ ಸಲ ಕಳೆಯುವ ಹಕ್ಕು ಯಾವ ಪಟ್ಟಿಗೂ ಇಲ್ಲ. ಕಂಪ್ಯೂಟರ್ ಹೇಳಿತು ಎಂದು ಕಿಟಕಿಯಿಂದ ವಾಪಸು ಬರಬೇಡಿ. ಟಿಸಿ ತೋರಿಸಿ, ಇನ್ನೊಮ್ಮೆ ಒತ್ತಿಸಿ, ಪ್ರಿಂಟ್ ನೋಡಿ ಮನೆಗೆ ಬನ್ನಿ.